ಭಾವನ ಪೆಟ್ಟಿಗೆಗಳೂ ಅಕ್ಕನ ಕಿವಿಯೂ

ನಮ್ಮ ಭಾವನ ಮನೆಯಲ್ಲಿ ನೀವು ಏನು ಬೇಕಾದರೂ ಕೇಳಬಹುದು. ಕಾಫಿ ಕೇಳಿ, ಊಟ ಕೇಳಿ, ಬೇಕಾದರೆ ಅವರ ವಯಸ್ಸನ್ನೂ ಕೇಳಿ. ಆದರೆ ‘ಈ ಹಳೇ ಡಬ್ಬಗಳೆಲ್ಲ ಯಾಕೆ? ಮೊಬೈಲಲ್ಲೇ ಹಾಡು ಬರುತ್ತಲ್ಲ?’ ಅಂತ ಮಾತ್ರ ಕೇಳಬೇಡಿ! ಗೌರಿಬಿದನೂರಿನಿಂದ ಲಗ್ನಪತ್ರಿಕೆ ಕೊಡಲು ಬಂದಿದ್ದ ನೆಂಟರೊಬ್ಬರು ಹೀಗೆ ಕೇಳಿಬಿಟ್ಟರು, ಪಾಪ. ಭಾವ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಮೂರು ಬಸ್ಸು ಹೋಗಿದ್ದವು. ಉಳಿದ ಪತ್ರಿಕೆಗಳನ್ನು ಅವರು ಅಂಚೆಯಲ್ಲಿ ಕಳಿಸಿದರಂತೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮೇಲೂರಿನಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ಹುಳುಗಳಿಗೆ ಸೊಪ್ಪು ಹಾಕಿ ಉಳಿದ ಹೊತ್ತೆಲ್ಲ ಹಳೇ ಆಂಪ್ಲಿಫೈಯರು, ಹಳೇ ಸ್ಪೀಕರು, ಹಳೇ ರೆಕಾರ್ಡ್ ಪ್ಲೇಯರುಗಳ ಸೇವೆ. ಇಷ್ಟೇ ಆಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಇಷ್ಟೆಲ್ಲ ಸದ್ದಿನ ಸಾಮಾನು ತುಂಬಿದ ಆ ಮನೆಯ ಯಜಮಾನಿಗೆ, ಅಂದರೆ ನಮ್ಮ ಅಕ್ಕನಿಗೆ, ಕಿವಿ ಮಂದ!

ಶಿಡ್ಲಘಟ್ಟದಲ್ಲಿ ರೇಷ್ಮೆ ಹುರಿ ಮಾಡುವ ಮಷೀನುಗಳ ನಡುವೆ ವರ್ಷಗಟ್ಟಲೆ ದುಡಿದು ಅವಳ ಕಿವಿ ಹಾಗಾಗಿತ್ತು. ಕಿರುಚಿದರೆ ಕೇಳಿಸುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅವರ ಮನೆಯ ಜಗಳ, ಸರಸ, ಸಾರಿಗೆ ಉಪ್ಪು ಕಡಿಮೆಯಾದ ಸುದ್ದಿ ಎಲ್ಲವೂ ಇಡೀ ಬೀದಿಗೆ ಪುಕ್ಕಟೆ ಪ್ರಸಾರ. ಆದರೂ ಭಾವನಿಗೆ ಒಂದೇ ಹಟ. ಊರೆಲ್ಲ ಹೊಗಳಿದರೂ ಅವರಿಗೆ ಲೆಕ್ಕಕ್ಕಿಲ್ಲ. ಅಕ್ಕ ಒಂದು ದಿನ ಸ್ಪೀಕರುಗಳೆದುರಿನ ಕುರ್ಚಿಯಲ್ಲಿ ಕೂತು ಕೇಳಿ, ‘ಚೆನ್ನಾಗಿದೆ’ ಅನ್ನಬೇಕು!

ಒಮ್ಮೆ ಚಿಂತಾಮಣಿಯ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಕೂಲರಿನ ಕೆಳಗೆ, ಅವರಿಗೊಂದು ವಾಲ್ವ್ ಆಂಪ್ಲಿಫೈಯರು ಸಿಕ್ಕಿತು. ಒಳಗೆ ಗಾಜಿನ ಬುರುಡೆಗಳಿರುವ ಹಳೇ ಕಾಲದ್ದು. ಅದನ್ನು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ತಾವು ನಿಂತುಕೊಂಡರು. ನಾನೂ ಜೊತೆಗಿದ್ದೆ. ಗುರುತಿಲ್ಲದವಳಂತೆ ಹೊರಗೆ ನೋಡುತ್ತಿದ್ದೆ.

“ಏಮಿ ಸಾರ್ ಇದಿ!” ಕಂಡಕ್ಟರು ದಂಗಾದ. “ಪೆಟ್ಟಿಗೆಗೆ ಸೀಟು, ನಿಮಗೆ ಸ್ಟ್ಯಾಂಡಿಂಗಾ?”

“ಅದಕ್ಕೆ ನನಗಿಂತ ವಯಸ್ಸಾಗಿದೆ ಕಣಪ್ಪ. ಇದು ಹಿರಿಯ ನಾಗರಿಕರ ಸೀಟಲ್ವಾ?”

ಇಡೀ ಬಸ್ಸು ನಕ್ಕಿತು. ಕಂಡಕ್ಟರು ಲಗೇಜು ಟಿಕೆಟ್ ಹರಿದುಕೊಟ್ಟು, ಹಿರಿಯರಿಗೆ ಕೈಮುಗಿದು ಮುಂದೆ ಹೋದ.

ಮನೆಗೆ ತಂದು, ವಾರವೆಲ್ಲ ಬಿಚ್ಚಿ ಕಟ್ಟಿ, ಕೊನೆಗೂ ಹಾಡಿಸಿದರು. ಅಕ್ಕನನ್ನು ಅಡುಗೆಮನೆಯಿಂದ ಕರೆಸಿ, ಕುರ್ಚಿಯಲ್ಲಿ ಕೂರಿಸಿ, “ಹೇಗಿದೆಯೇ?” ಅಂತ ಕಿರುಚಿದರು.

ಅಕ್ಕ ತುಂಬ ಹೊತ್ತು ನೋಡಿದಳು. ಆಮೇಲೆ, “ಒಳಗಿನ ದೀಪ ಚೆನ್ನಾಗಿ ಉರೀತಿದೆ ಕಣ್ರೀ” ಅಂದಳು.

ಎರಡು ದಿನ ಭಾವ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಇನ್ನೊಂದು ಸೆಟ್ಟು ಹುಡುಕಲು ಹೊರಟರು!

ಪ್ರತಿಧ್ವನಿ ಜಾಸ್ತಿಯಾದರೆ ಅಕ್ಕನಿಗೆ ಕಲಸಿಹೋಗುತ್ತದೆ ಎಂದು ಯಾರೋ ಹೇಳಿದರಂತೆ. ತಗೊಳ್ಳಿ, ಹುಳುಗಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಗಳಿರುತ್ತವಲ್ಲ, ಮುರಿದವನ್ನೆಲ್ಲ ತಂದು ಹಾಲಿನ ನಾಲ್ಕೂ ಗೋಡೆಗೆ ಹೊಡೆದುಬಿಟ್ಟರು. ಸುಳ್ಳು ಯಾಕೆ ಹೇಳಲಿ, ಅದರಿಂದ ಸದ್ದು ನಿಜವಾಗಿಯೂ ತಿಳಿಯಾಯಿತು. ಆದರೆ ಗೂಡು ಕೊಳ್ಳುವವನೊಬ್ಬ ಬಾಗಿಲಲ್ಲಿ ಇಣುಕಿ, “ಏನಣ್ಣ, ಹಾಲಿಗೂ ಹುಳ ಬಿಟ್ಬಿಟ್ರಾ?” ಅಂದ. ಅವನು ಬಂದದ್ದು ವ್ಯಾಪಾರಕ್ಕೆ, ಸಿಕ್ಕಿಬಿದ್ದದ್ದು ಕುರ್ಚಿಗೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ ಜಾಗ ಅದು, ಅಲ್ಲಿಂದ ತಲೆ ಅಲ್ಲಾಡಿಸುವ ಹಾಗಿಲ್ಲ! ನಾದಸ್ವರದ ರೆಕಾರ್ಡು ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಆತ ಗೊರಕೆ ಹೊಡೆಯುತ್ತಿದ್ದ.

ನಾನು ಕಿಸಕ್ಕನೆ ನಕ್ಕೆ.

“ನಗ್ಬೇಡಮ್ಮ” ಅಂದರು ಭಾವ, ಗಂಭೀರವಾಗಿ. “ಬೆಳಗಾಗೆದ್ದು ಮಾರ್ಕೆಟ್ಟಲ್ಲಿ ಕೂಗಾಡೋ ಮನುಷ್ಯ. ನೋಡು ಹೆಂಗೆ ನೆಮ್ಮದಿಯಾಗಿ ಮಲಗವ್ನೆ. ಸೆಟ್ಟು ಅಂದ್ರೆ ಇದು!”

ಇಂಥವರನ್ನು ಏನು ಮಾಡೋದು ಹೇಳಿ?

ಕಿವಿ ಮಷೀನು ಹಾಕಿಕೊಳ್ಳಲು ಅಕ್ಕ ಒಪ್ಪುತ್ತಿರಲಿಲ್ಲ. “ನಾನೇನು ಮುದುಕೀನೇನೇ?” ಅನ್ನುವಳು. ನಾನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ ಕೊಡಿಸಿದ ಮಷೀನು ನಾಲ್ಕು ತಿಂಗಳು ಬೀರುವಿನಲ್ಲೇ ಮಲಗಿತ್ತು. ಕಳೆದ ಭಾನುವಾರ ನಾನು ಹೋದಾಗ ಅವಳೇ ಒಂದು ಷರತ್ತು ಹಾಕಿದಳು.

“ಅಡುಗೆಮನೆ ಬಾಗಿಲಿಗೆ ಅಡ್ಡ ಇಟ್ಟಿದ್ದೀರಲ್ಲ, ಆ ಎರಡು ಪೆಟ್ಟಿಗೆ ಎತ್ತಿ. ಒಂದು ಗಂಟೆ ಹಾಕ್ಕೊಂತೀನಿ.”

ಭಾವ ಸೊಂಟ ನೋವನ್ನೂ ಮರೆತು ಎರಡನ್ನೂ ಎತ್ತಿ ಹುಳದ ಮನೆಗೆ ಸಾಗಿಸಿದರು! ಸ್ನಾನ ಮಾಡಿ ಇಸ್ತ್ರಿ ಷರಟು ಹಾಕಿಕೊಂಡು ಬಂದರು. ಹೆಣ್ಣು ನೋಡಲು ಬಂದ ದಿನವೂ ಇಷ್ಟು ಬೆವೆತಿರಲಿಲ್ಲ ಅಂತ ಅಕ್ಕ ನನ್ನ ಕಡೆ ನೋಡಿ ನಕ್ಕಳು. ನಾನು ಅವಳ ಕಿವಿಗೆ ಮಷೀನು ಸಿಕ್ಕಿಸಿದೆ. ಭಾವ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರು. ವೀಣೆ ಶುರುವಾಯಿತು.

ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಒಂದು ನಿಮಿಷ, ಎರಡು ನಿಮಿಷ. ಇಷ್ಟು ವರ್ಷ ಕಾದ ಮನುಷ್ಯನಿಗೆ ಇವಳು ಈಗಲೂ ದೀಪವನ್ನೇ ಹೊಗಳಿಬಿಟ್ಟರೆ ಗತಿಯೇನು?

“ಚೆನ್ನಾಗಿದೆ” ಅಂದಳು ಅಕ್ಕ.

ಭಾವನ ಮುಖ ಅರಳುವ ಮೊದಲೇ, “ಈಗ ಅದನ್ನ ನಿಲ್ಲಿಸ್ರಿ” ಅಂದಳು.

“ಯಾಕೇ?” ಅಂತ ಅಭ್ಯಾಸದಂತೆ ಕಿರುಚಿದರು ಭಾವ. ಅಕ್ಕ ಬೆಚ್ಚಿ ಕಿವಿ ಮುಚ್ಚಿಕೊಂಡಳು.

“ಕೂಗ್ಬೇಡ್ರಿ. ಹನ್ನೆರಡು ವರ್ಷದಿಂದ ನಿಮ್ಮ ಕೂಗೇ ಕೇಳಿದ್ದು. ನಿಮ್ಮ ದನಿ ಹೆಂಗಿತ್ತು ಅಂತಾನೇ ಮರೆತೋಗಿದೆ. ಮೆಲ್ಲಗೆ ಏನಾದ್ರೂ ಮಾತಾಡಿ.”

ಭಾವ ಮುಳ್ಳು ಎತ್ತಿದರು. ಮೂರು ಬಸ್ಸು ತಪ್ಪುವಷ್ಟು ಮಾತಾಡುವ ನಮ್ಮ ಭಾವನಿಗೆ, ನಂಬುತ್ತೀರೋ ಇಲ್ಲವೋ, ಒಂದು ಮಾತೂ ಸಿಗಲಿಲ್ಲ. ನನ್ನನ್ನು ನೋಡಿದರು, ಗೋಡೆ ನೋಡಿದರು, ಷರಟಿನ ಗುಂಡಿ ತಿರುವಿದರು. ಕೊನೆಗೆ ಅವಳ ಪಕ್ಕ ನೆಲದ ಮೇಲೆ ಕೂತು, ಬಹಳ ಮೆಲ್ಲಗೆ, “ಊಟ ಮಾಡಿದ್ಯೇನೇ?” ಅಂದರು.

ಒಂದು ಗಂಟೆಯ ಹಿಂದೆ ಮೂವರೂ ಒಟ್ಟಿಗೇ ಊಟ ಮಾಡಿದ್ದೆವು! ಆದರೂ ಅಕ್ಕ ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು.

“ಇನ್ನೊಂದ್ಸಲ ಅನ್ನಿ” ಅಂದಳು.

ಭಾವ ಇನ್ನೊಂದು ಸಲ ಅಂದರು, ಮೊದಲಿಗಿಂತಲೂ ಮೆಲ್ಲಗೆ. ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕೇಳಿಸಲಿಲ್ಲ. ಅಕ್ಕನಿಗೆ ಕೇಳಿಸಿತು.