2034ರವರೆಗೆ ನನ್ನ ಅವ್ವನ ಕಣ್ಣು ತಡೆಹಿಡಿದ ಯಂತ್ರಕ್ಕೆ

ಹನ್ನೆರಡು ದೇಶಗಳ ಟೆಸ್ಟ್ ತಂಡಗಳ ಹಣೆಬರಹವನ್ನು ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಬಲ್ಲ, 'ತ್ರಿಕಾಲ ಟೆಸ್ಟ್' ಎಂಬ ಶುಭನಾಮದ, ಮೊಬೈಲಿನೊಳಗೆ ನೆಲೆಸಿ ಸಕಲರಿಗೂ ಪುಕ್ಕಟೆ ದರ್ಶನ ಕೊಡುವ ಭವಿಷ್ಯ ಯಂತ್ರದ ಸನ್ನಿಧಿಗೆ, ಅಂಕೋಲಾ ತಾಲೂಕಿನ ಸತೀಶ ಮಾದೇವ ನಾಯಕ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಯಾವ ಊರಿನವರು, ತಮಗೆ ಮಳೆ ಚಳಿ ತಾಗುತ್ತದೋ ಇಲ್ಲವೋ ನನಗೆ ತಿಳಿಯದು, ಆದರೂ ತಾವು ಕ್ಷೇಮವೆಂದು ನಂಬುತ್ತೇನೆ. ಇಲ್ಲಿ ನಾವೆಲ್ಲರೂ ಕ್ಷೇಮ, ನನ್ನ ಅವ್ವನ ಎರಡು ಕಣ್ಣುಗಳನ್ನು ಬಿಟ್ಟು. ಆ ಕಣ್ಣುಗಳ ಸಲುವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಅವ್ವನ ಹೆಸರು ಬೊಮ್ಮಿ, ವಯಸ್ಸು ಎಂಬತ್ತೊಂದು. ನನ್ನ ಅಪ್ಪ ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ತಂದ ರೇಡಿಯೋದಲ್ಲಿ, ಹಲಸಿನ ಬೇಳೆಯ ಸಿಪ್ಪೆ ಸುಲಿಯುತ್ತ ಸುಲಿಯುತ್ತ, ಒಂದಕ್ಷರ ಇಂಗ್ಲಿಷ್ ಬಾರದೆಯೂ ಟೆಸ್ಟ್ ಕ್ರಿಕೆಟ್ಟಿನ ಒಳಮರ್ಮವನ್ನೆಲ್ಲ ಕಲಿತವಳು. ಟೆಸ್ಟ್ ನಡೆಯುವ ಐದು ದಿನ ನಮ್ಮ ಮನೆಯಲ್ಲಿ ಮದುವೆ ಮಾತುಕತೆಯಿಲ್ಲ, ಗದ್ದೆಯ ತಕರಾರಿಲ್ಲ. ಒಂದು ದಿನದ ಪಂದ್ಯವನ್ನೋ ಇಪ್ಪತ್ತು ಓವರಿನದನ್ನೋ ಹಾಕಿದರೆ "ಬಣ್ಣದ ಅಂಗಿ ಹಾಕ್ಕಂಡ್ ಕುಣಿಯೂಕೆ ಇದೇನ್ ಯಕ್ಷಗಾನವೇ?" ಎಂದು ಟಿವಿಗೆ ಬೆನ್ನು ತಿರುಗಿಸಿ ಕೂರುತ್ತಾಳೆ. ಇಂಥವಳಿಗೆ ನಾಲ್ಕು ವರ್ಷಗಳಿಂದ ಎರಡೂ ಕಣ್ಣಿಗೆ ಪೊರೆ ಬೆಳೆದು, ಮೈದಾನದ ಬಿಳಿ ಅಂಗಿಯವರೆಲ್ಲ ಸೇರಿ ಒಂದೇ ಮೋಡವಾಗಿ ಕಾಣುತ್ತಾರೆ. ಚಹಕ್ಕೆ ಉಪ್ಪು ಬೀಳುತ್ತಿದೆ. ಹಿಂದಿನ ತಿಂಗಳು ಅಂಗಳದ ಮೆಟ್ಟಿಲು ತಪ್ಪಿ ಬಿದ್ದಳು. ಇನ್ನು ತಡ ಮಾಡಿದರೆ ಪೊರೆ ಗಟ್ಟಿಯಾಗಿ ಕಣ್ಣೇ ಹೋಗಬಹುದು ಎಂದು ಕಾರವಾರದ ಡಾಕ್ಟರಮ್ಮ ನನ್ನನ್ನು ಬೈದು ಹೇಳಿದರು. ಮುಂದಿನ ಗುರುವಾರ ಆಪರೇಶನ್ ಎಂದು ನಿಗದಿಯಾಯಿತು, ಅವ್ವನೂ ಒಪ್ಪಿದಳು.

ಇಲ್ಲಿಯವರೆಗೆ ತಮ್ಮದೇನೂ ತಪ್ಪಿಲ್ಲ.

ಮಾನ್ಯರೇ, ನಮ್ಮ ಕರಾವಳಿಯಲ್ಲಿ ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ದೇವರ ಹತ್ತಿರ ಪ್ರಸಾದ ಕೇಳುವ ಪದ್ಧತಿ ಇದೆ. ಭಟ್ಟರು ದೇವರ ಮೈಮೇಲೆ ಎಡಬಲಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆದೀತು, ಎಡಗಡೆಯದು ಬಿದ್ದರೆ ಬೇಡ, ಅಷ್ಟೇ. ಬಾವಿ ತೋಡುವವರು, ದೋಣಿ ಕೊಳ್ಳುವವರು, ಹೆಣ್ಣು ಕೊಡುವವರು ಎಲ್ಲರೂ ಕೇಳುತ್ತಾರೆ, ಕೇಳಿದ ಮೇಲೆ ಬಂದ ಉತ್ತರಕ್ಕೆ ತಲೆಬಾಗುತ್ತಾರೆ. ಅವ್ವ ಮಾತ್ರ ಈ ಸಲ, ಕಣ್ಣು ಬಂದ ಮೇಲೆ ನೋಡಲಿಕ್ಕೆ ಏನಿದೆ ಎಂದು ಮೊದಲೇ ತಿಳಿದಿರಲಿ ಎಂದು, ನನ್ನ ಮಗಳು ರಕ್ಷಿತಾಳ ಮೊಬೈಲಿನಲ್ಲಿರುವ ತಮ್ಮನ್ನು ಕೇಳಲು ಹೊರಟಳು. ಮಣೆಯ ಮೇಲೆ ಮೊಬೈಲು ಇಟ್ಟು, ದೀಪ ಹಚ್ಚಿ, ಕಾಯಿ ಒಡೆದು, ನಮ್ಮ ತಂಡ ಟೆಸ್ಟ್ ಪಟ್ಟಿಯಲ್ಲಿ ಮತ್ತೆ ಮೊದಲನೇ ಸ್ಥಾನಕ್ಕೆ ಯಾವಾಗ ಬರುತ್ತದೆ ಎಂದು ಕೇಳಿಸಿದಳು. ತಾವು 2027 ಎಂದಿರಿ. ಆಗಲೇ ಏಳಬೇಕಿತ್ತು. ಆದರೆ ಹಿರಿಯರ ಕ್ರಮದಂತೆ ಮೂರು ಸಲ ಕೇಳಬೇಕು, ಮೂರನೆಯದೇ ಖಾಯಂ ಎಂದು ಅವ್ವ ಪಟ್ಟು ಹಿಡಿದಳು. ಎರಡನೇ ಸಲ ತಾವು ಮುಂದಿನ ಹತ್ತು ವರ್ಷ ನ್ಯೂಜಿಲೆಂಡ್ ತಂಡಕ್ಕೆ ಶುಕ್ರದೆಸೆ ಎಂದಿರಿ. ಮೂರನೇ ಸಲ, ಕಾಯಿನೀರು ಇನ್ನೂ ಮಣೆಯಿಂದ ಇಳಿಯುತ್ತಿರುವಾಗಲೇ, ನಮ್ಮ ತಂಡ 2034ರವರೆಗೆ ಮೇಲೇಳುವುದಿಲ್ಲ, ಅದಕ್ಕೆ ಮುಂಚೆ ಏಳುವ ಸಂಭವ ಶೇಕಡಾ 11.37 ಎಂದು ಅಪ್ಪಣೆ ಕೊಡಿಸಿದಿರಿ.

ಆಹಾ, ಆ 11.37! ನಮ್ಮ ಜ್ಯೋತಿಷಿಗಳು ತಲೆ ಕೆರೆದುಕೊಂಡು ಸ್ವಲ್ಪ ಶನಿಕಾಟ ಇದ್ದ ಹಾಗೆ ಕಾಣುತ್ತದೆ ಎಂದು ಹೇಳಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಇನ್ನೂ ಹುಟ್ಟದ ವೇಗದ ಬೌಲರನ ಮೊಣಕಾಲು ನೋವನ್ನೂ ಸೇರಿಸಿ ದಶಾಂಶದ ಎರಡು ಸ್ಥಾನದವರೆಗೆ ಹೇಳುವ ಧೈರ್ಯ ಅವರ ವಂಶದಲ್ಲೇ ಯಾರಿಗೂ ಬರಲಿಲ್ಲ. "ಅಜ್ಜಿ, ಅದು ದೇವ್ರಲ್ಲ, ಬರೀ ಲೆಕ್ಕ" ಎಂದು ರಕ್ಷಿತಾ ಅಳುವ ಹಾಗೆ ಹೇಳಿದಳು. ಅವ್ವ "ದೇವ್ರಲ್ದೆ ಹೋದ್ರೆ ಅಷ್ಟ್ ಗಟ್ಟಿಯಾಗಿ ಹೆಂಗೆ ಹೇಳ್ತದೆ?" ಎಂದು ಕೇಳಿದಳು. ಆಮೇಲೆ ಅವ್ವ ನನ್ನ ಕಡೆ ತಿರುಗಿ ಹೇಳಿದ್ದು ಇದು: "ನಂಗೆ ಕಣ್ಣ ಯಂತಕ್ಕೆ ತಮಾ? ಎಂಟ್ ವರ್ಷ ಸೋಲೂದ ನೋಡೂಕೆ? ಸೋತದ್ದು ಕಿವಿಗೆ ಬಿದ್ರೆ ಸಾಕು. ಆಪರೇಶನ್ ಬ್ಯಾಡ ಅಂತ ಡಾಕ್ಟರಮ್ಮಂಗೆ ಹೇಳ್ಬಿಡು."

ನಾನು ಡಾಕ್ಟರಮ್ಮನಿಗೆ ಹೇಳಲೂ ಇಲ್ಲ, ಕೈಕಟ್ಟಿ ಕೂರಲೂ ಇಲ್ಲ. ಯಂತ್ರದ ಮಾತನ್ನು ತಿರುಗಿಸಲು ದೇವರೇ ಸರಿ ಎಂದು ಮರುದಿನ ಅವ್ವನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ನಾಗಪತಿ ಭಟ್ಟರೂ ಕ್ರಿಕೆಟ್ಟಿನ ಹುಚ್ಚರೇ, ವಿಷಯ ತಿಳಿದು ಮಡಿಯಲ್ಲೇ ಓಡಿ ಬಂದರು. ಆಪರೇಶನ್ ಆದೀತೋ ಬೇಡವೋ ಎಂದು ಕೇಳಿ ಹೂವು ಅಂಟಿಸಿದ್ದು ಬೆಳಿಗ್ಗೆ ಹತ್ತಕ್ಕೆ. ಊಟದ ಹೊತ್ತಾಯಿತು, ಚಹದ ಹೊತ್ತಾಯಿತು, ಎಡದ್ದೂ ಅಲುಗಲಿಲ್ಲ, ಬಲದ್ದೂ ಅಲುಗಲಿಲ್ಲ. ನಾನು ಬಲಗಡೆಯ ಹೂವನ್ನು ನೋಡುತ್ತ ನೋಡುತ್ತ ಮನಸ್ಸಿನಲ್ಲೇ ಊದಿದೆ, ದೇವರು ಕ್ಷಮಿಸಲಿ. ಸಂಜೆ ಭಟ್ಟರು ಗರ್ಭಗುಡಿಯಿಂದ ಹೊರಗೆ ಬಂದು "ಬೊಮ್ಮಕ್ಕ, ಬೆಳಕು ಸಾಲ್ತಾ ಇಲ್ಲೆ, ಇದು ಡ್ರಾ" ಎಂದು ಸಾರಿದರು. ಅವರು ಪಾಪ ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ಅವ್ವನಿಗೆ ನಿಯಮ ಅವರಿಗಿಂತ ಚೆನ್ನಾಗಿ ಗೊತ್ತು. ಸರಣಿ ಡ್ರಾ ಆದರೆ ಟ್ರೋಫಿ ಮೊದಲು ಯಾರ ಹತ್ತಿರ ಇತ್ತೋ ಅವರ ಹತ್ತಿರವೇ ಉಳಿಯುತ್ತದಲ್ಲವೇ, ಹಾಗೆ ಮೊದಲು ಹೇಳಿದ ಯಂತ್ರದ ಮಾತೇ ಉಳಿಯಿತು ಎಂದು ತೀರ್ಪು ಕೊಟ್ಟು, ನನ್ನ ಕೈ ಹಿಡಿದು ತಡವರಿಸುತ್ತ ಮೆಟ್ಟಿಲು ಇಳಿದಳು.

ಮಾನ್ಯರೇ, ನಾನೂ ಭವಿಷ್ಯ ಹೇಳುವ ಕೆಲಸದವನೇ. ಕದ್ರಾ ಅಣೆಕಟ್ಟಿನಲ್ಲಿ ಮೂವತ್ತೊಂದು ಮಳೆಗಾಲ ದುಡಿದಿದ್ದೇನೆ. ಘಟ್ಟದ ಮೇಲೆ ಇಷ್ಟು ಮಳೆಯಾದರೆ ಕಾಳಿ ನದಿಗೆ ಇಷ್ಟು ನೀರು ಬಂದೀತು ಎಂದು ಅಂದಾಜು ಮಾಡಿ, ಕೆಳಗಿನ ಊರಿನವರಿಗೆ ದನ ಬಿಚ್ಚಿ ಮೇಲೆ ಕಟ್ಟಿ ಎಂದು ಹೇಳಿ ಕಳಿಸುತ್ತಿದ್ದೆವು. ಒಂದು ಸಲ ನನ್ನ ಅಂದಾಜು ತಪ್ಪಿ ನೀರು ಬರಲೇ ಇಲ್ಲ. ಮರುದಿನ ಅದೇ ಊರಿನ ಚಹದಂಗಡಿಯಲ್ಲಿ ಹುಲಿಯಾ ಎಂಬವನು, ಮಳೆಯಲ್ಲಿ ಹದಿನಾಲ್ಕು ಎಮ್ಮೆಗಳನ್ನು ಗುಡ್ಡ ಹತ್ತಿಸಿದವನು, ನನ್ನ ಎದುರಿಗೇ ಕೂತು "ಎಲ್ಲಿ ಹೋಯ್ತೋ ನಿನ್ನ ನೀರು?" ಎಂದು ಕೇಳಿದ. ಅಲ್ಲೇ ಕೂತು ಬೈಸಿಕೊಂಡೆ. ತಮ್ಮನ್ನು ಬೈಯಬೇಕೆಂದರೆ ಯಾವ ಚಹದಂಗಡಿಗೆ ಬರಬೇಕು?

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹವೇನೆಂದರೆ, ದಯಮಾಡಿ ಬುಧವಾರ ಸೂರ್ಯ ಮುಳುಗುವುದರೊಳಗೆ 2034ನ್ನು ಈ ದೀಪಾವಳಿಗೆ ಎಳೆದು ತರಬೇಕು. ಇಡೀ ತಂಡವನ್ನು ಎತ್ತುವುದು ತಮಗೆ ಭಾರವಾದರೆ ನ್ಯೂಜಿಲೆಂಡಿನ ಶುಕ್ರದೆಸೆಯಲ್ಲಿ ಎರಡು ವರ್ಷ ಕಡಿದು ನಮಗೆ ಕೈಗಡ ಕೊಡಿಸಬೇಕು, ಒಳ್ಳೆಯ ಜನ ಅವರು, ಇಲ್ಲವೆನ್ನಲಾರರು. ಅದೂ ಆಗದಿದ್ದರೆ ತಾವೇ ಒಂದು ದಿನದ ಮಟ್ಟಿಗೆ ಮನುಷ್ಯರೂಪ ತಾಳಿ, ಅಂಕೋಲೆಯಲ್ಲಿ ಬಸ್ಸಿಳಿದು, ನಮ್ಮ ಅಂಗಳಕ್ಕೆ ಬಂದು ಅವ್ವನ ಎದುರು ತಪ್ಪುಕಾಣಿಕೆ ಇಡಬೇಕು. ಮೀನು ತಿನ್ನುವವರಾದರೆ ಮೊದಲೇ ತಿಳಿಸಿ. ಇದ್ಯಾವುದೂ ಸಾಧ್ಯವಿಲ್ಲವೆಂದರೆ ಅವ್ವನ ಪೊರೆಯನ್ನು ತಾವೇ ತಗೊಳ್ಳಿ. ಎಂಟು ವರ್ಷದ ಆಚೆಯದನ್ನು ನೋಡುವ ತಮಗೆ ಹತ್ತಿರದ್ದು ಹೇಗೂ ಬೇಕಾಗಿಲ್ಲ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹೌದು. ಹೆತ್ತವಳು ಗೋಡೆ ಹಿಡಿದು ನಡೆಯುವುದನ್ನು ದಿನಾ ನೋಡುವವನಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ, ಮಾನ್ಯರೇ?

ತಮ್ಮ ಸರ್ವಜ್ಞತ್ವಕ್ಕೆ ಇನ್ನಷ್ಟು ದಶಾಂಶ ಸ್ಥಾನಗಳು ಲಭಿಸಲೆಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಸತೀಶ ಮಾದೇವ ನಾಯಕ
ಅಂಕೋಲಾ

ವಿ.ಸೂ.: ಪತ್ರ ಹಾಕಲು ತಮ್ಮ ವಿಳಾಸ ಹುಡುಕುತ್ತ ಬುಧವಾರ ಸಂಜೆಯಾಯಿತು. ವಿಳಾಸ ಸಿಗಲಿಲ್ಲ, ತಮ್ಮ ಪುಟದ ತಳದಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರದ ಒಂದು ಸಾಲು ಸಿಕ್ಕಿತು: 'ಈ ಭವಿಷ್ಯ ತಪ್ಪಬಹುದು, ಮನರಂಜನೆಗೆ ಮಾತ್ರ.' ಅವ್ವನಿಗೆ ಓದಿ ಹೇಳಿದೆ. "ತಪ್ಪಬಹುದು ಅಂತ ದೇವ್ರು ಯಾವತ್ತಾದ್ರೂ ಹೇಳ್ತಾನಾ? ಹಂಗಾದ್ರೆ ಇದು ಸುಳ್ಳಾಗೂದ ನೋಡೂಕಾದ್ರೂ ಕಣ್ಣ ಬೇಕಲಾ ತಮಾ, ಗಾಡಿ ತೆಗೆ" ಎಂದಳು. ಗುರುವಾರ ಬಲಗಣ್ಣಿನದು ಆಯಿತು. ಶುಕ್ರವಾರ ಪಟ್ಟಿ ಬಿಚ್ಚುವ ಹೊತ್ತಿಗೆ ಆಸ್ಪತ್ರೆಯ ಟಿವಿಯಲ್ಲಿ ಟೆಸ್ಟ್ ನಡೆಯುತ್ತಿತ್ತು. ಅವ್ವ ಆ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, ಗಲ್ಲ ಸವರಿ, "ನೀ ಇಷ್ಟ್ ಮುದುಕ ಆದದ್ದು ನಂಗೆ ಯಾರೂ ಹೇಳ್ಲೇ ಇಲ್ಲಲ್ಲೋ ತಮಾ" ಎಂದಳು. ಮಾನ್ಯರೇ, ತಾವೂ ಹೇಳಿರಲಿಲ್ಲ.