ಸಾಸಿವೆಯ ನಿಂಬೆ

ಖಂಡೇನವಮಿಯ ಬೆಳಿಗ್ಗೆ ಹರಿಶ್ಚಂದ್ರರು ಸ್ನಾನಕ್ಕೆ ಹೋಗುವಾಗ ಬಾಗಿಲು ಹಾಕಲು ಮರೆತರು. ಬಚ್ಚಲಿನದಲ್ಲ, ಮನೆಯದ್ದು.

ಡೊಂಬಿವಲಿಯ ಆ ಒಂದು ಬೆಡ್‌ರೂಮಿನ ಮನೆಯಲ್ಲಿ ಊಟದ ಮೇಜೊಂದಿತ್ತು. ಎರಡೂವರೆ ವರ್ಷದಿಂದ ಅದರ ಮೇಲೆ ಯಾರೂ ಉಂಡಿರಲಿಲ್ಲ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಹರಿಶ್ಚಂದ್ರರು ಕೆಲಸ ಮುಗಿಸಿ ಬಂದು ಆ ಮೇಜಿನ ಮೇಲೆ ಗೇಣುದ್ದದ ರೈಲು ಎಂಜಿನ್ ಕಟ್ಟುತ್ತಿದ್ದರು. ಅಂಗಡಿಯಲ್ಲಿ ತಂದು ಜೋಡಿಸುವಂಥದ್ದಲ್ಲ. ಹಿತ್ತಾಳೆ ತಗಡು ಕತ್ತರಿಸಿ, ಸೂಜಿಮೊನೆಯಿಂದ ಒಳಮೈ ಒತ್ತಿ ಸಾವಿರದ ನಾನೂರು ರಿವೆಟ್ ಎಬ್ಬಿಸಿ, ಸ್ಟೇಪಲರ್ ಪಿನ್ನು ಬಗ್ಗಿಸಿ ಕೈಕಂಬಿ ಮಾಡಿದ್ದು. ಹಿಂದೆ ಕಲ್ಯಾಣದ ಯಾರ್ಡಿನಲ್ಲಿ ನಿಂತಿರುತ್ತಿದ್ದ, ಕಸಾರಾ ಘಾಟ್ ಹತ್ತುತ್ತಿದ್ದ ಗೂಡ್ಸ್ ಎಂಜಿನ್ನಿನ ಎಂಬತ್ತೇಳರಲ್ಲಿ ಒಂದು ಪಾಲು.

ಕಟ್ಟುವುದಕ್ಕಿಂತ ಕಷ್ಟವಾದದ್ದು ಕೊಳೆ. ಹೊಳೆಯುವ ಎಂಜಿನ್ ಆಟಿಕೆ. ದುಡಿದ ಎಂಜಿನ್ನಿಗೆ ತುಕ್ಕು, ಎಣ್ಣೆಕಲೆ, ಬ್ರೇಕಿನ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಬೇಕು. ಹನ್ನೊಂದು ತಿಂಗಳು ಬಣ್ಣದ ಸೀಮೆಸುಣ್ಣ ಅರೆದು, ಮೂರು ಕೂದಲಿನ ಕುಂಚದಲ್ಲಿ, ಜಪಕ್ಕೆ ಕುಳಿತವರಂತೆ ಕೊಳೆ ಹಚ್ಚಿದ್ದರು. ಅದು ಉದುರದಂತೆ ವಾರ್ನಿಶ್ ಸಿಂಪಡಿಸುವುದಷ್ಟೇ ಬಾಕಿ. ಮಿಂದು ಮಡಿಯಲ್ಲಿ ಸಿಂಪಡಿಸೋಣವೆಂದುಕೊಂಡರು. ಮಡಿಯೇ ಮುಳುವಾಯಿತು.

ಸಂಜೆ ನಾಲ್ಕಕ್ಕೆ ಠಾಣೆಯ ವರ್ತಕ ನಗರದಲ್ಲಿ ರೈಲು ಮಾದರಿಗಳ ಸ್ಪರ್ಧೆ. ಹೆಂಡತಿ ನಳಿನಾಕ್ಷಿಯ ತೀರ್ಪು ಅದಕ್ಕೂ ಮೊದಲೇ ಹೊರಬಿದ್ದಿತ್ತು: "ಬಹುಮಾನ ಬಂದ್ರೆ ಮೇಜು ನಿಮಗೆ, ಇನ್ನೊಂದು ಎಂಜಿನ್ ಕಟ್ಟಿ. ಬರದಿದ್ರೆ ನಾಳೆ ದಸರಾ ಊಟ ಅದರ ಮೇಲೆಯೇ. ಮಡಿಲಲ್ಲಿ ಬಟ್ಟಲಿಟ್ಟು ಉಂಡು ನನ್ನ ಬೆನ್ನು ಬಿಲ್ಲಾಗಿದೆ."

ಮಿಂದು ಬಂದಾಗ ಎದುರುಮನೆಯ ಪದ್ಮಾವತಿಯಮ್ಮ ಮೇಜಿನ ಮುಂದೆ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು.

"ಎಂತ ಮಾರಾಯ್ರೆ, ಆಯುಧ ಪೂಜೆ ದಿನ ಎಂಜಿನನ್ನು ಹೀಗೆ ಇಡುದಾ? ಇಶ್ಶಿ, ಹಕ್ಕಿ ಹಿಕ್ಕೆ ಸಹ ಇತ್ತು! ಸೀಗೆಪುಡಿ ಹಾಕಿ ತಿಕ್ಕಿದೆ. ಈಗ ನೋಡಿ."

ನೋಡಿದರು. ಎಂಜಿನ್ ಗೃಹಪ್ರವೇಶದ ತಂಬಿಗೆಯಂತೆ ಹೊಳೆಯುತ್ತಿತ್ತು. ಹಣೆಯಲ್ಲಿ ಕಡ್ಡಿಮೊನೆಯಷ್ಟು ಕುಂಕುಮ. ಒಂದೇ ಚೆಂಡುಹೂವಿನ ಎಸಳು ಸಿಗಿದು ನೂಲಿಗೆ ಪೋಣಿಸಿದ ಹಾರ. ಮುಂದಿನ ಗಾಲಿಗಳ ಕೆಳಗೆ, ಬೆಲ್ಲದ ಅಂಟಿನಲ್ಲಿ ಕೂರಿಸಿದ ನಾಲ್ಕು ಹಳದಿ ಚುಕ್ಕೆ.

"ಇದೆಂತ?"

"ನಿಂಬೆ. ದೊಡ್ಡದು ಇಟ್ರೆ ಎಂಜಿನ್ನೇ ಕಾಣುದಿಲ್ಲ. ಸಾಸಿವೆ ಒಡೆದು ನುಚ್ಚಿಗೆ ಅರಶಿನ ಸವರಿದೆ." ಲಕ್ಷಬತ್ತಿ ಹೊಸೆದ ಕೈ ಅದು.

"ನಳಿನಾ, ನೀನು ನೋಡ್ಲಿಲ್ವಾ?"

"ನೋಡದೆ? ಸೀಗೆಪುಡಿ ಕೊಟ್ಟದ್ದೇ ನಾನು."

ಹರಿಶ್ಚಂದ್ರರು ಹಾರಕ್ಕೆ ಕೈ ಹಾಕಿದರು. "ಪೂಜೆಗೆ ಹಾಕಿದ್ದನ್ನು ನಾಳೆವರೆಗೆ ತೆಗೀಲಿಕ್ಕಿಲ್ಲ!" ಎಂದರು ಪದ್ಮಾವತಿಯಮ್ಮ. ಕೈ ಹಿಂದೆ ಬಂತು.

ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಯಶ್ವಂತ್ ತೆಂಗಿನಕಾಯಿ ಹಿಡಿದು ಒಳಬಂದರು. ಬಿಜಾಪುರದ ಕಡೆಯವರು, ಕರೆಯದಿದ್ದರೂ ಯಾವ ಮನೆಯ ಪೂಜೆಯನ್ನೂ ತಪ್ಪಿಸಿದವರಲ್ಲ. "ಪೂಜಿ ಮಾಡಿ ಕಾಯಿ ಒಡೀಲಿಲ್ಲಂದ್ರ ಹೆಂಗ್ರಿ?" ಎಂದು ಹೊಸ್ತಿಲಿಗೆ ಅಪ್ಪಳಿಸಿದರು. ಚೂರೊಂದು ಹಾರಿ ಬಂದು, ಎಂಜಿನ್ನಿನ ನೆತ್ತಿಯಲ್ಲಿ ತಂತಿ ಮುಟ್ಟಲು ಎದ್ದು ನಿಂತಿದ್ದ ಪೆಂಟೋಗ್ರಾಫನ್ನು ನೆಲಸಮ ಮಾಡಿತು.

"ಶುಭ ಆತ್ರಿ," ಎಂದರು ಯಶ್ವಂತ್.

ಸ್ಪರ್ಧೆಗೆ ಹೋಗದಿದ್ದರೆ ಮೇಜು ಹೋಗುವುದು ಖಂಡಿತ. ಹೋದರೆ ಮಾನವೂ ಹೋಗುತ್ತದೆ. ಮೇಜಿನ ಆಸೆ ದೊಡ್ಡದಾಯಿತು. ನಾಲ್ವರೂ ಹೊರಟರು. ಲೋಕಲ್ ರೈಲಿನ ಡಬ್ಬಿಗೆ ನಿತ್ಯದ ಪ್ರಯಾಣಿಕರು ತೋರಣ ಕಟ್ಟಿ ಆರತಿ ಮಾಡುತ್ತಿದ್ದರು. ಪೆಟ್ಟಿಗೆಯಲ್ಲಿ ಎಂಜಿನ್ ಕಂಡದ್ದೇ "ಅರೇ, ಸಾಕ್ಷಾತ್ ಇಂಜಿನ್ ದೇವ್!" ಎಂದು ಕರ್ಪೂರವನ್ನು ಅದರ ಮೂಗಿಗೇ ಹಿಡಿದರು. ಎಡಗಡೆ ಮಸಿ ಹತ್ತಿತು. ತೊಳೆದುಹೋದ ಕೊಳೆಯಲ್ಲಿ ಅಷ್ಟಾದರೂ ಮರಳಿತಲ್ಲ ಎಂದು ಹರಿಶ್ಚಂದ್ರರು ಕಣ್ಣು ಮುಚ್ಚಿಕೊಂಡರು.

ತೀರ್ಪುಗಾರ ಕಶ್ಯಪರು ಮೂವತ್ತೈದು ವರ್ಷ ಎಂಜಿನ್ ಓಡಿಸಿ ನಿವೃತ್ತರಾದವರು. ಭೂತಗನ್ನಡಿ ಹಿಡಿದು, ಪುರಾಣದ ಪುಟ ತಿರುವುವಷ್ಟು ನಿಧಾನವಾಗಿ ಎಂಟು ಎಂಜಿನ್ ದಾಟಿದರು. ಒಂಬತ್ತನೆಯದರ ಮುಂದೆ ನಿಂತರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನವಮಿ ದಿನ ಶೆಡ್‌ನಲ್ಲಿ ನಾವು ಹೀಗೇ ತೊಳೀತಿದ್ವಿ ಸರ್. ಪೂಜೆಗೆ ಮುಂಚೆ ಪೆಂಟೋಗ್ರಾಫ್ ಇಳಿಸೋದು ರೂಲು, ಅದನ್ನೂ ಇಳಿಸಿದ್ದೀರಿ! ಕರ್ಪೂರದ ಮಸಿ ಕೂಡ ಇದೆ. ಅಯ್ಯೋ, ನಿಂಬೆಹಣ್ಣೂ ಸ್ಕೇಲಿಗೆ ತಕ್ಕಂತಿದೆ!" ಉಳಿದ ಎಂಟರ ಕಡೆ ಕೈ ಬೀಸಿದರು. "ಇವೆಲ್ಲ ಬರೀ ಕೊಳೆ. ಕೊಳೆ ಯಾರು ಬೇಕಾದ್ರೂ ಮಾಡ್ತಾರೆ."

ಹನ್ನೊಂದು ತಿಂಗಳು ಕೊಳೆ ಹಚ್ಚಿದ ಬೆರಳುಗಳನ್ನು ಹರಿಶ್ಚಂದ್ರರು ಜೇಬಿಗೆ ತುರುಕಿದರು.

"ಮೊದಲ ಬಹುಮಾನ. ಎಲ್ಲ ಕೆಲಸ ಸ್ವಂತ ಕೈಯದ್ದು ಅಂತ ಇಲ್ಲೊಂದು ಸಹಿ ಹಾಕಿ."

ಪೆನ್ನು ಕೈಗೆ ಬಂತು. ಕಣ್ಣೆದುರು ಮೇಜು, ಮೇಜಿನ ಮೇಲೆ ಎರಡನೆಯ ಎಂಜಿನ್. "ಹಾಕಿ, ಹಾಕಿ," ಎಂದು ನಳಿನಾಕ್ಷಿ ಬೆನ್ನಿಗೆ ತಿವಿದರು. ಪದ್ಮಾವತಿಯಮ್ಮ ಕೈಮುಗಿದು ಎಂಜಿನ್ನನ್ನೇ ನೋಡುತ್ತಿದ್ದರು.

"ತೊಳೆದದ್ದು ನಾನಲ್ಲ," ಎಂದರು ಹರಿಶ್ಚಂದ್ರರು.

"ರಿವೆಟ್?"

"ಅದು ನಂದು."

"ನಿಂಬೆ?"

"ಎದುರುಮನೆಯವರದ್ದು. ಪೆಂಟೋಗ್ರಾಫ್ ಸೆಕ್ರೆಟರಿಯವರದ್ದು. ಮಸಿ ರೈಲಿನವರದ್ದು."

ಕಶ್ಯಪರು ಬರೆದಿದ್ದ ಹೆಸರನ್ನು ನೋವಿನಿಂದ ಹೊಡೆದುಹಾಕಿದರು. ಆಮೇಲೆ ಖಾಲಿ ಅರ್ಜಿಯೊಂದನ್ನು ಪದ್ಮಾವತಿಯಮ್ಮನ ಕೈಗಿತ್ತರು. "ಅಮ್ಮಾ, ಇದು ದೇವರು ಕೊಟ್ಟ ಕೈ. ಮುಂದಿನ ವರ್ಷ ನಿಮ್ಮ ಹೆಸರಲ್ಲೇ ಬನ್ನಿ."

ಮರುದಿನ ದಸರಾ. ಮಾತಿನಂತೆ ಹರಿಶ್ಚಂದ್ರರು ಮೇಜು ಖಾಲಿ ಮಾಡಿಕೊಟ್ಟರು. ದೇವರಿಗೆ ಕೈಮುಗಿದು ಊಟಕ್ಕೆ ಬಂದರೆ ಮೇಜಿನ ಮೇಲೆ ಎಲೆಯಿಲ್ಲ, ಹಿತ್ತಾಳೆ ತಗಡಿದೆ. ಅವರದೇ ಕುರ್ಚಿಯಲ್ಲಿ, ಅವರದೇ ದೀಪದಡಿ, ಅವರದೇ ಸೂಜಿ ಹಿಡಿದು ಪದ್ಮಾವತಿಯಮ್ಮ ಕುಳಿತಿದ್ದಾರೆ.

"ಪಾಪ, ಅವರ ಮನೆಯಲ್ಲಿ ಮೇಜಿಲ್ಲ," ಎಂದು ನಳಿನಾಕ್ಷಿ ಗಂಡನ ಮಡಿಲಲ್ಲಿ ಬಟ್ಟಲಿಟ್ಟರು. "ಅವರಿಗಾದ್ರೆ ಬಹುಮಾನ ಬಂದೇ ಬರ್ತದೆ."

ಹರಿಶ್ಚಂದ್ರರು ಪಾಯಸ ಬಾಯಿಗಿಡುವಾಗ ನೋಡಿದರು: ರಿವೆಟ್ ತಗಡಿನ ಹೊರಮೈಯಿಂದ ಒತ್ತುತ್ತಿದ್ದಾರೆ! ತಡೆಯಲಾಗದೆ ಎದ್ದು ಕೈ ಚಾಚಿದರು.

"ಮುಟ್ಬೇಡಿ ಮಾರಾಯ್ರೆ," ಎಂದರು ಪದ್ಮಾವತಿಯಮ್ಮ, ತಲೆಯೆತ್ತದೆ. "ಮತ್ತೆ ಕೇಳಿದ್ರೆ ನೀವು ಸತ್ಯ ಹೇಳ್ತೀರಿ."