ಮಾದೇಶನ ಉರುಳುಸೇವೆ

ರಂಜಿನಿ: ಸೋಮವಾರ ಉರುಳೋರು ನೀವು. ನನ್ ಮೇಲ್ಯಾಕ್ರೀ ರೇಗ್ತೀರಾ?

ಮಾದೇಶ: ಇನ್ನೇನ್ಮಾಡ್ಲಿ? ಮೊಮ್ಮಗು ಕೊಡಪ್ಪ ನಂಜುಂಡ, ಮಗನ ಕೈಲಿ ಉರುಳುಸೇವೆ ಮಾಡುಸ್ತೀನಿ ಅಂತ ಅವ್ವ ಅರಕೆ ಒತ್ಕೊಂಡ್ಬುಟ್ಟವ್ರೆ.

ರಂಜಿನಿ: ವಿಶೇಷ ಏನೂ ಇಲ್ವೇನ್ಲಾ ಅಂತ ಅತ್ತೆ ಕೇಳ್ದಾಗ ನೀವೇನಂದ್ರಿ?

ಮಾದೇಶ: ದೇವ್ರು ಇನ್ನೂ ಕಣ್ ಬುಟ್ಟಿಲ್ಲ ಅಂದೆ.

ರಂಜಿನಿ: ಕಾಂಡೋಮ್ ಬಳಸ್ತಿರೋದು ನಾವು. ಅದನ್ನೂ ದೇವರ ತಲೆಗೆ ಕಟ್ಟಿದ್ರಲ್ಲ.

ಮಾದೇಶ ಗಾಬರಿಯಿಂದ ಬಾಗಿಲ ಕಡೆ ನೋಡಿದ. ನಂಜನಗೂಡಿನ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ಟನ್‌ಗಟ್ಟಲೆ ಸರಕು ಎತ್ತಿಡುವ ಧೀರ ಅವನು. ಹೆಡತಲೆ ಊರಿನ ತನ್ನ ಮನೆಯೊಳಗೆ ಆ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಬೆವರುತ್ತಿದ್ದ. ಹೆಂಡತಿಯ ನರ್ಸಿಂಗ್ ಓದು ಮುಗಿಯುವವರೆಗೆ ಮಗು ಬೇಡವೆಂದು ಮದುವೆಗೆ ಮುಂಚೆ ಒಪ್ಪಿಕೊಂಡವನೂ ಅವನೇ. ಮನೆಯವರಿಗೆ ಹೇಳುವುದನ್ನು ಮಾತ್ರ ಇವತ್ತು ನಾಳೆ ಎಂದು ತಳ್ಳಿಕೊಂಡೇ ಬಂದಿದ್ದ.

ಮಾದೇಶ: ಮೆಲ್ಗೆ ಮಾತಾಡೇ.

ರಂಜಿನಿ: ಇನ್ನೆಷ್ಟು ಮೆಲ್ಲಗೆ? ನಂಜನಗೂಡಿನ ಮೆಡಿಕಲ್ ಸ್ಟೋರಲ್ಲೆಲ್ಲ ಪರಿಚಯದೋರು ಅಂತ ಟಿ. ನರಸೀಪುರಕ್ಕೆ ಬಸ್ ಹತ್ತುತೀರಾ. ಹೋದ ವಾರ ಬಸ್ ತಪ್ಪಿಸ್ಕೊಂಡು ಬರಿಗೈಲಿ ಬಂದ್ರಿ.

ಮಾದೇಶ: ಆ ವಾರವೆಲ್ಲ ನಾನು ಸುಮ್ನಿರ್ಲಿಲ್ವಾ?

ರಂಜಿನಿ: ನಾನು ಬೇರೆ ಚಾಪೆ ಹಾಸಿದ್ದಕ್ಕೆ ಇದ್ರಿ. ಆಶಾ ಕಾರ್ಯಕರ್ತೆ ಪುಟ್ಟಬಸಕ್ಕ ಕಾಂಡೋಮ್ ಬಾಗಿಲಿಗೇ ತಂದು ಪುಕ್ಸಟ್ಟೆ ಕೊಡ್ತಾರೆ.

ಮಾದೇಶ: ಅವ್ರು ನಂಗೆ ಅತ್ತಿಗೆ ಆಗ್ಬೇಕು ಕಣೆ.

ರಂಜಿನಿ: ನಿಮಗೆ ನಾಚಿಕೆ. ಓದು ನಿಂತೋಗೋದು ನಂದು. ನನಗೆ ಭಯ ಆಗುತ್ತೆ ರೀ.

ಅಷ್ಟರಲ್ಲಿ ಮಾದೇಶನ ಅವ್ವ ಮಹದೇವಮ್ಮ ಮೊರ ಹಿಡಿದು ಒಳಗೆ ಬಂದರು.

ಮಹದೇವಮ್ಮ: ಏನ್ಲಾ ಗುಸುಗುಸು?

ಮಾದೇಶ: ಏನಿಲ್ಲ ಕಣವ್ವ. ಸೊಂಟ ಇಡ್ಕೊಂಡದೆ. ಉರುಳಕ್ಕಾಯ್ತದೋ ಇಲ್ವೋ ಅಂತ...

ರಂಜಿನಿ: ಸೊಂಟ ಗಟ್ಟಿಯಾಗೇ ಇದೆ ಅತ್ತೆ. ನನ್ನ ಓದು ಮುಗೀಲಿ ಅಂತ ಮಗು ಆಗದಂಗೆ ನಾವೇ ನೋಡ್ಕೋತಿದೀವಿ. ಹೇಳಕ್ಕೆ ನಿಮ್ಮ ಮಗನಿಗೆ ಬಾಯಿ ಬರ್ಲಿಲ್ಲ.

ಮಹದೇವಮ್ಮ ಮೊರ ಕೆಳಗಿಟ್ಟರು. ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು, ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು.

ಮಹದೇವಮ್ಮ: ಇಷ್ಟೇಯಾ? ಓದ್ಕೊ ಮಗ, ನೀನು ಓದ್ಕೊ. ಇವನು ಉಟ್ಟಿದ್ಮೇಲೆ ನಂಗೂ ಸಾಕಾಗಿತ್ತು. ಯಾರ್ಗೂ ಏಳ್ದೆ ಆಸ್ಪತ್ರೆಗೋಗಿ ವಂಕಿ, ಅದೇ ಮಕ್ಳಾಗ್ದಂಗೆ ಒಳಗಾಕ್ತಾರಲ್ಲ, ಅದ್ನ ಆಕುಸ್ಕಂಡು ಬಂದಿದ್ದೆ. ನಮ್ಮತ್ತೆ ಇನ್ನೊಂದು ಮೊಮ್ಮಗು ಬೇಕು ಅಂತ ಅರಕೆ ಒತ್ಕೊಂಡು ನಿಮ್ಮಾವನ್ನ ಗುಡಿ ಸುತ್ತ ಉರುಳ್ಸುದ್ರು.

ಮಾದೇಶ: ಅಪ್ಪಂಗೆ ಏಳ್ನಿಲ್ವಾ?

ಮಹದೇವಮ್ಮ: ನಂಗೂ ಬಾಯಿ ಬರ್ನಿಲ್ಲ ಕಣ್ಲಾ. ಪಾಪ, ಮೊಣಕೈಯೆಲ್ಲ ತರಚ್ಕಂಡು ಬಂದಿದ್ರು. ನಾನೇ ಎಣ್ಣೆ ಅಚ್ಚಿದೆ.

ರಂಜಿನಿ ನಗಲು ಹೋಗಿ ತಡೆದುಕೊಂಡಳು. ಟೀ ಕುಡಿಯಲು ಹೋಗಿದ್ದ ಮಾದೇಶನ ಅಪ್ಪ ಚನ್ನಯ್ಯ ಹೆಗಲ ಮೇಲೆ ಟವಲ್ ಹಾಕಿಕೊಂಡು, ಎಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಹೆಂಡತಿಯನ್ನು ನೋಡಿ, ಮಗನ ಕಡೆ ತಿರುಗಿದರು.

ಚನ್ನಯ್ಯ: ನೀನು ಉರುಳ್ಬ್ಯಾಡ ಬುಡ್ಲಾ ಮಾದೇಶ. ಅವತ್ತು ನಾನು ಉರುಳಿದ ಸೇವೆ ಫಲ ಇಲ್ದೆ ನಂಜುಂಡನ ತಾವ ಅಂಗೇ ಬಿದ್ದದೆ. ಅದನ್ನೇ ನಿನ್ನ ಎಸರಿಗೆ ಮಾಡುಸ್ಕೊ.